ಆ್ಯಪ್ ಆಟೋ, ಕ್ಯಾಬ್‌ನಲ್ಲಿ ಕಿರಿಕ್ ಆದ್ರೆ ಏನ್ ಮಾಡ್ಬೇಕು, ಯಾರನ್ನ ಕೇಳ್ಬೇಕು

ಬೆಂಗಳೂರಲ್ಲಿ ದಿನಾ ಆಟೋ ಹತ್ತೋರಿಗೆ ಇದು ಹೊಸದಲ್ಲ. ಸಂಜೆ ಏಳು ಗಂಟೆ, ಸಣ್ಣಗೆ ಮಳೆ ಹನೀತಿದೆ, ಜಯನಗರ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಮುಂದೆ ಎರಡೂ ಕೈಲಿ ಚೀಲ ಹಿಡ್ಕೊಂಡು ನಿಂತಿದೀವಿ, ಹೆಂಗೋ ಒಂದು ಬೆರಳಲ್ಲಿ ಆಟೋ ಬುಕ್ ಮಾಡಿದೀವಿ, ನಾಲ್ಕು ನಿಮಿಷ ಅಂತ ತೋರಿಸ್ತಿದೆ, ಅಷ್ಟರಲ್ಲಿ ಫೋನು. "ಎಲ್ಲಿಗ್ ಮೇಡಂ? ಕ್ಯಾಶಾ, ಆನ್‌ಲೈನಾ?" ಆನ್‌ಲೈನ್ ಅಂತ ಹೇಳಿ ಮುಗಿಸೋಕ್ ಮುಂಚೆನೇ ಕಟ್. ಮ್ಯಾಪಲ್ಲಿ ನಮ್ಮ ಕಡೆ ಬರ್ತಿದ್ದ ಆ ಪುಟಾಣಿ ಆಟೋ ಅಲ್ಲೇ ನಿಂತುಬಿಡುತ್ತೆ, ಅವರು ಕ್ಯಾನ್ಸಲ್ ಮಾಡಲ್ಲ, ನಾವೇ ಮಾಡ್ಲಿ ಅಂತ ಕಾಯ್ತಾರೆ. ಆಗ ಬರೋ ಸಿಟ್ಟನ್ನ ಆಮೇಲೆ ಬಂದ ಇನ್ಯಾರೋ ಪಾಪದ ಆಟೋದವರ ಮೇಲೆ ತೀರಿಸ್ಕೊಂಡಿದೀನಿ ನಾನು, ನೀವೂ ಯಾವತ್ತಾದ್ರೂ ಮಾಡಿರ್ತೀರ.

ನಾನು ಎಂಟು ವರ್ಷದಿಂದ ಆಫೀಸಿಗೆ ಹೀಗೇ ಓಡಾಡ್ತಿದೀನಿ. ನಮ್ಮ ಚಿಕ್ಕಪ್ಪನ ಮಗ, ನನಗಿಂತ ಚಿಕ್ಕೋನು, ಆಟೋ ಓಡಿಸ್ತಾನೆ. ಅವನ ದೆಸೆಯಿಂದ ನನಗೆ ಎರಡೂ ಕಡೆ ಫೋನಲ್ಲಿ ಏನ್ ಕಾಣುತ್ತೆ ಅಂತ ನೋಡೋ ಅವಕಾಶ ಸಿಕ್ತು, ಅದನ್ನ ನೋಡಿದ ಮೇಲೆ ನಾನು ಜಗಳ ಆಡೋ ರೀತಿನೇ ಬದಲಾಯ್ತು. ಆ್ಯಪ್ ಗಾಡಿ ವಿಷ್ಯದಲ್ಲಿ ಮೋಸ ಆಗ್ತಿಲ್ವಾ ಅಂದ್ರೆ ಖಂಡಿತ ಆಗ್ತಿದೆ, ಡ್ರೈವರ್ ಮಾಡೋ ಮೋಸ ಒಂದು, ಕಂಪ್ನಿ ಮಾಡೋದು ಇನ್ನೊಂದು, ನಾವು ಪ್ಯಾಸೆಂಜರ್‌ಗಳು ಮಾಡೋದು ಮತ್ತೊಂದು. ಆದ್ರೆ ಈ ಮೂರನ್ನೂ ಬಿಡಿಸಿ ನೋಡ್ದೆ ಎಲ್ಲಾ ಸೇರಿಸಿ ಕೈಗೆ ಸಿಕ್ಕೋರ ತಲೆಗೆ ಕಟ್ತೀವಿ, ಕೈಗೆ ಸಿಗೋದು ಯಾವಾಗ್ಲೂ ಮುಂದಿನ ಸೀಟಲ್ಲಿ ಕೂತಿರೋರು. ಹಂಗಾಗದೇ ಇರೋಕೆ ಏನೇನ್ ಮಾಡ್ಬಹುದು ಅಂತ ಬರೀತಿದೀನಿ.

ಮೊದಲು ರೇಟ್ ಎಷ್ಟಾಗ್ಬೇಕು ಅಂತ ನಮಗೇ ಗೊತ್ತಿರ್ಲಿ

ಒಂದು ಭಾನುವಾರ ನಾವಿಬ್ರೂ ಬೇಕಂತಲೇ ಒಂದು ಟ್ರೈ ಮಾಡಿದ್ವಿ. ವಿಜಯನಗರದ ನಮ್ಮ ಮನೆ ಗೇಟ್ ಮುಂದೆ ಅವನ ಆಟೋ ನಿಲ್ಸಿದ್ದ, ನಾನು ನನ್ನ ಫೋನಿಂದ ಮೆಜೆಸ್ಟಿಕ್‌ಗೆ ಬುಕ್ ಮಾಡ್ದೆ, ಮೊದಲ ಸಲ ಬೇರೆಯವರಿಗೆ ಹೋಯ್ತು, ಅವರಿಗೆ ಫೋನ್ ಮಾಡಿ ಸಾರಿ ಅಂತ ಹೇಳಿ ಕ್ಯಾನ್ಸಲ್ ಮಾಡ್ದೆ, ಎರಡನೇ ಸಲ ಅವನಿಗೇ ಬಾಡಿಗೆ ಬಿತ್ತು. ಎರಡು ಫೋನೂ ಸೀಟಿನ ಮೇಲೆ ಪಕ್ಕಪಕ್ಕ ಇಟ್ವಿ. ನಂದ್ರಲ್ಲಿ 148 ರೂಪಾಯಿ. ಅವಂದ್ರಲ್ಲಿ 112. ಮಧ್ಯದ 36 ರೂಪಾಯಿ ಎಲ್ಲಿಗೆ ಹೋಗುತ್ತೆ ಅಂತ ನನ್ನ ಸ್ಕ್ರೀನಲ್ಲೂ ಇಲ್ಲ, ಅವನ ಸ್ಕ್ರೀನಲ್ಲೂ ಇಲ್ಲ. "ಅಕ್ಕಾ, ದಿನಾ ಇದೇ, ಪ್ಯಾಸೆಂಜರ್ ಇಳಿಯುವಾಗ ಅಷ್ಟೊಂದ್ ತಗೊಂಡ್ರಲ್ಲ ಅಂತ ನನ್ ಮುಖ ನೋಡ್ತಾರೆ, ನನಗೆ ಅಷ್ಟು ಬಂದೇ ಇರಲ್ಲ" ಅಂದ. ಅದಕ್ಕೇ, ಡ್ರೈವರ್ "ನನಗೆ ಇಷ್ಟೇ ತೋರಿಸ್ತಿರೋದು" ಅಂದ ತಕ್ಷಣ ಸುಳ್ಳು ಅಂತ ಬೈಯೋಕ್ ಹೋಗ್ಬೇಡಿ, ಸ್ಕ್ರೀನ್ ತೋರಿಸಿ ಅಂತ ಕೇಳಿ, ಬಹಳ ಜನ ಖುಷಿಯಿಂದ್ಲೇ ತೋರಿಸ್ತಾರೆ.

ಈಗ ಲೆಕ್ಕ. ಬೆಂಗಳೂರಲ್ಲಿ ಆಟೋ ಮೀಟರ್ ದರ 2025ರ ಆಗಸ್ಟ್ 1ರಿಂದ ಬದಲಾಯ್ತು, ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒನ್ ಅಂಡ್ ಹಾಫ್. ವೇಟಿಂಗ್ ಮೊದಲ 5 ನಿಮಿಷ ಫ್ರೀ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ವಿಜಯನಗರದಿಂದ ಮೆಜೆಸ್ಟಿಕ್ ಸುಮಾರು 6 ಕಿಲೋಮೀಟರ್ ಅಂತ ಇಟ್ಕೊಂಡ್ರೆ 36 ಪ್ಲಸ್ ನಾಲ್ಕು ಹದಿನೆಂಟ್ಲಿ 72, ಒಟ್ಟು 108. ಇದರ ಮೇಲೆ ಆ್ಯಪ್ ಕಂಪ್ನಿ ಎಷ್ಟು ಹಾಕ್ಬಹುದು ಅನ್ನೋದಕ್ಕೂ ಸರ್ಕಾರ ಮಿತಿ ಹಾಕಿದೆ. 2022ರಲ್ಲಿ ಹತ್ತಿರದ ದಾರಿಗೂ ಮಿನಿಮಮ್ 100 ರೂಪಾಯಿ ತಗೋತಿದಾರೆ ಅಂತ ಗಲಾಟೆ ಆಗಿ ಸಾರಿಗೆ ಇಲಾಖೆ ಆ್ಯಪ್ ಆಟೋನೇ ನಿಲ್ಸಿ ಅಂತ ಹೇಳಿತ್ತು ನೆನಪಿದೆಯಾ, ಕೇಸು ಹೈಕೋರ್ಟಿಗೆ ಹೋಗಿ, ಆ ನವೆಂಬರ್‌ನಲ್ಲಿ ಸರ್ಕಾರ 5 ಪರ್ಸೆಂಟ್ ಸೇವಾ ಶುಲ್ಕ ಮತ್ತೆ ಜಿಎಸ್‌ಟಿ ಅಂತ ಫಿಕ್ಸ್ ಮಾಡ್ತು, 2024ರ ಮೇ ತಿಂಗಳಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡೀತು. 108ಕ್ಕೆ 5 ಪರ್ಸೆಂಟ್ ಅಂದ್ರೆ ಐದೂವರೆ ರೂಪಾಯಿ ಕೂಡ ಆಗಲ್ಲ. ನನ್ನ ಫೋನಲ್ಲಿ ತೋರಿಸಿದ್ದು 148.

ಕ್ಯಾಬಿಗೆ 2024ರ ಫೆಬ್ರವರಿಯಲ್ಲಿ ರಾಜ್ಯಕ್ಕೆಲ್ಲಾ ಒಂದೇ ದರಪಟ್ಟಿ ಬಂತು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಮುಂದಕ್ಕೆ ಕಿಲೋಮೀಟರ್‌ಗೆ 24. ದೊಡ್ಡ ಗಾಡಿಗೆ ಸ್ವಲ್ಪ ಜಾಸ್ತಿ.

ಇಷ್ಟನ್ನ ಫೋನಲ್ಲಿ ನೋಟ್ ಮಾಡಿಟ್ಕೊಳಿ. ಬುಕ್ ಮಾಡೋ ಮುಂಚೆ ಮ್ಯಾಪಲ್ಲಿ ಕಿಲೋಮೀಟರ್ ನೋಡಿ ಮನಸ್ಸಲ್ಲೇ ಗುಣಿಸಿ, ಅರ್ಧ ನಿಮಿಷದ ಕೆಲಸ. ಆಗ ಜಾಸ್ತಿ ಕೇಳ್ತಿರೋದು ಡ್ರೈವರಾ ಕಂಪ್ನಿನಾ ಅನ್ನೋದು ಹತ್ತೋ ಮುಂಚೆನೇ ಗೊತ್ತಾಗಿರುತ್ತೆ. ಬುಕ್ ಆದ ತಕ್ಷಣ ಒಂದು ಸ್ಕ್ರೀನ್‌ಶಾಟ್ ಹೊಡೀರಿ, ಇದು ಅಭ್ಯಾಸ ಆಗ್ಬಿಡ್ಲಿ, ಇಳಿಯುವಾಗ ರೇಟ್ ಬೇರೆ ಆಗಿದ್ರೆ ಬೇರೆ ಸಾಕ್ಷಿ ಎಲ್ಲೂ ಸಿಗಲ್ಲ.

ಇನ್ನೊಂದು ವಿಷ್ಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲಾ ಆ್ಯಪೂ ಒಂದೇ ಥರ ನಡೆಯಲ್ಲ. ಕೆಲವು ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡೀತವೆ. ನಮ್ಮ ಯಾತ್ರಿ ಅನ್ನೋ ಆ್ಯಪ್ 2022ರಲ್ಲಿ ಬೆಂಗಳೂರಲ್ಲಿ ಶುರು ಆದಾಗ ಆಟೋ ಯೂನಿಯನ್‌ನವರನ್ನ ಜೊತೆಗಿಟ್ಕೊಂಡು ಕಮಿಷನ್ನೇ ಇಲ್ಲ ಅಂತ ಬಂತು, ಆಮೇಲೆ ಡ್ರೈವರ್‌ಗಳು ದಿನಕ್ಕೆ 25 ರೂಪಾಯಿ ಕಟ್ಟೋ ಪದ್ಧತಿ ಮಾಡಿದ್ರು. ಇದಾದ ಮೇಲೆ ಮಿಕ್ಕ ಕಂಪ್ನಿಗಳೂ ಆಟೋದಲ್ಲಿ ಅದೇ ದಾರಿಗೆ ಬಂದ್ವು, ಉಬರ್ ಕೂಡ 2025ರ ಫೆಬ್ರವರಿಯಲ್ಲಿ ಆಟೋಗೆ ಹೀಗೇ ಮಾಡ್ತು. ಈ ಪದ್ಧತಿಯಲ್ಲಿ ದುಡ್ಡು ನೇರವಾಗಿ ಡ್ರೈವರ್ ಕೈಗೆ ಹೋಗುತ್ತೆ, ಕ್ಯಾಶೋ ಅವರ ಕ್ಯೂಆರ್‌ಗೋ. ಡ್ರೈವರ್‌ಗೆ ಇದು ಒಳ್ಳೇದು. ಆದ್ರೆ ಕಂಪ್ನಿ ಏನ್ ಹೇಳುತ್ತೆ ಅಂದ್ರೆ ನಾವು ಗಾಡಿ ಹುಡುಕಿಕೊಟ್ವಿ ಅಷ್ಟೇ, ರೇಟು ನಿಮ್ಮಿಬ್ಬರ ನಡುವಿಂದು ಅಂತ. ಹಾಗಾಗಿ ಇಂಥ ಆಟೋ ಹತ್ತುವಾಗ "ಅಣ್ಣಾ, ನಂದ್ರಲ್ಲಿ 115 ತೋರಿಸ್ತಿದೆ, ಅಷ್ಟೇ ತಾನೆ?" ಅಂತ ಒಂದ್ ಮಾತು ಮುಂಚೆನೇ ಕೇಳ್ಬಿಡಿ. ಇಳಿಯೋ ಜಾಗದಲ್ಲಿ ಆಗೋ ಜಗಳದಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಗೇ ಮುಗಿದುಹೋಗುತ್ತೆ.

ಹತ್ತೋಕ್ ಮುಂಚೆನೇ ಟಿಪ್ಪು

ಟಿಪ್ ಅಂದ್ರೆ ಕೆಲಸ ಆದ್ಮೇಲೆ ಖುಷಿಯಿಂದ ಕೊಡೋದು. ಈಗ ಬುಕ್ ಮಾಡುವಾಗ್ಲೇ 10, 20, 30 ಸೇರಿಸಿ, ಬೇಗ ಗಾಡಿ ಸಿಗಬಹುದು ಅಂತ ಬಟನ್ ಇಡ್ತಾರೆ. 2025ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದರ ಬಗ್ಗೆ ಉಬರ್‌ಗೆ ನೋಟಿಸ್ ಕೊಡ್ತು, ನಮ್ಮ ಧಾರವಾಡದ ಎಂಪಿ, ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿಯವರೇ ಇದು ಅನೈತಿಕ, ಶೋಷಣೆ ಅಂತ ಬಹಿರಂಗವಾಗಿ ಹೇಳಿದ್ರು. ನನಗೂ ಹಾಗೇ ಅನ್ಸುತ್ತೆ. ಯಾಕಂದ್ರೆ ಅಲ್ಲಿ ನಿಂತಿರೋ ಹತ್ತು ಜನದಲ್ಲಿ ಮೂವತ್ತು ಹಾಕಿದವರಿಗೆ ಗಾಡಿ, ಹಾಕೋಕ್ ಆಗದ ಅಜ್ಜಿ ಆಸ್ಪತ್ರೆ ಮುಂದೆ ನಿಂತೇ ಇರ್ತಾರೆ. ಡ್ರೈವರ್‌ಗಳೂ ಅದಕ್ಕೆ ಹೊಂದ್ಕೊಂಡುಬಿಟ್ಟಿದಾರೆ, ಟಿಪ್ ಇಲ್ಲದ ಬಾಡಿಗೆ ಬಂದ್ರೆ ಇರ್ಲಿ ಜಾಸ್ತಿ ಹಾಕ್ತಾರೆ ಅಂತ ಕಾಯ್ತಾರೆ, ಇದನ್ನ ನಮ್ಮ ಹುಡುಗ, ಅದೇ ಚಿಕ್ಕಪ್ಪನ ಮಗನೇ, ಒಪ್ಕೊಂಡ.

ನಾನು ಮಾಡೋದು ಇಷ್ಟು: ಮೊದಲು ಟಿಪ್ ಹಾಕದೇ ಎರಡು ಸಲ ಟ್ರೈ ಮಾಡ್ತೀನಿ, ಆಗ್ಲಿಲ್ಲ ಅಂದ್ರೆ ಮೇನ್ ರೋಡಿಗೆ ನಡೆದು ಸ್ಟ್ಯಾಂಡಲ್ಲಿ ಮೀಟರ್ ಕೇಳ್ತೀನಿ. ಒಳ್ಳೆಯವರು ಸಿಕ್ರೆ ಇಳಿದ ಮೇಲೆ ಅದೇ ಇಪ್ಪತ್ತು ರೂಪಾಯಿ ಕೈಯಲ್ಲಿ ಕೊಡ್ತೀನಿ. ಅರ್ಜೆಂಟ್ ಇದ್ದಾಗ ಹಾಕಿದೀನಿ, ಇಲ್ಲ ಅನ್ನಲ್ಲ.

ಕ್ಯಾನ್ಸಲ್ ವಿಷ್ಯ

"ಆ್ಯಪಲ್ಲಿ ಕ್ಯಾನ್ಸಲ್ ಮಾಡಿ ಮೇಡಂ, ಅದೇ ರೇಟಿಗೆ ಹಂಗೇ ಬರ್ತೀನಿ" ಅಂತ ಕೇಳಿದ್ರೆ ಬೇಡ ಅನ್ನಿ. ಸೌಮ್ಯವಾಗಿ ಹೇಳಿದ್ರೂ ಗಟ್ಟಿಯಾಗಿ ಹೇಳಿ. ಕ್ಯಾನ್ಸಲ್ ಆದ ಕ್ಷಣದಿಂದ ಆ ಪ್ರಯಾಣ ಯಾವ ದಾಖಲೆಯಲ್ಲೂ ಇರಲ್ಲ, ಎಲ್ಲಿದೀವಿ ಅಂತ ಮನೆಯವರಿಗೆ ಕಾಣೋ ಹಾಗೆ ಟ್ರಿಪ್ ಶೇರ್ ಮಾಡಿದ್ರೆ ಅದೂ ನಿಂತುಹೋಗುತ್ತೆ, ಆ್ಯಕ್ಸಿಡೆಂಟ್ ಆದ್ರೆ ಟ್ರಿಪ್ಪಿನ ಮೇಲಿನ ಇನ್ಶೂರೆನ್ಸ್ ಕೇಳೋಕೂ ಆಗಲ್ಲ. ಕಮಿಷನ್ ಉಳಿಸ್ಕೊಳೋಕೆ ಅವರು ಹಾಗೆ ಕೇಳ್ತಾರೆ ಅನ್ನೋದು ಅರ್ಥ ಆಗುತ್ತೆ, ಆದ್ರೂ ಬೇಡ.

ಕ್ಯಾಶ್ ಯಾಕೆ ಕೇಳ್ತಾರೆ ಅನ್ನೋದನ್ನೂ ಸ್ವಲ್ಪ ತಿಳ್ಕೊಳಿ. ಕಂಪ್ನಿಗೆ ಹೋದ ಆನ್‌ಲೈನ್ ದುಡ್ಡು ಅವರ ಅಕೌಂಟಿಗೆ ಬರೋದು ತಡ ಆಗುತ್ತೆ, ಆದ್ರೆ ಗ್ಯಾಸ್ ಹಾಕ್ಸೋದು ಇವತ್ತೇ, ಆಟೋ ಬಾಡಿಗೆಗೆ ತಗೊಂಡಿದ್ರೆ ಓನರ್‌ಗೆ ಸಂಜೆ ಕೊಡ್ಲೇಬೇಕು. ಫೋನಲ್ಲಿ ಕೇಳಿದಾಗ "ನಿಮ್ಮ ನಂಬರಿಗೇ ನೇರವಾಗಿ ಯುಪಿಐ ಮಾಡ್ಬಹುದಾ?" ಅಂತ ಕೇಳಿ ನೋಡಿ, ಕ್ಯಾಶ್ ಟ್ರಿಪ್ ಅಂತ ಹಾಕಿ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಇಬ್ಬರಿಗೂ ಸರಿಹೋಗುತ್ತೆ, ನನಗೆ ಹತ್ತರಲ್ಲಿ ಎಂಟು ಸಲ ಇದು ಕೆಲಸ ಮಾಡಿದೆ.

ಈಗ ನಮ್ಮ ಕಡೆ ಮಾತು. ಮೂರು ಆ್ಯಪಲ್ಲಿ ಒಟ್ಟಿಗೇ ಬುಕ್ ಮಾಡಿ ಮೊದಲು ಬಂದಿದ್ದನ್ನ ಹತ್ಕೊಂಡು ಮಿಕ್ಕ ಎರಡನ್ನ ಕ್ಯಾನ್ಸಲ್ ಮಾಡೋದು, ಇದನ್ನ ಆಫೀಸಲ್ಲಿ ಎಲ್ರೂ ಜಾಣತನ ಅನ್ನೋ ಥರ ಹೇಳ್ಕೋತಾರೆ. ಆ ಎರಡು ಆಟೋದವರು ಒಂದೂವರೆ ಎರಡು ಕಿಲೋಮೀಟರ್ ಖಾಲಿ ಓಡಿಸ್ಕೊಂಡ್ ಬಂದಿರ್ತಾರೆ, ಟ್ರಾಫಿಕ್ಕಲ್ಲಿ ಅದು ಹದಿನೈದು ನಿಮಿಷ, ಆ ಗ್ಯಾಸಿಗೆ ಯಾರೂ ದುಡ್ಡು ಕೊಡಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲೇ, ಬುಕ್ ಮಾಡಿ ಕ್ಯಾನ್ಸಲ್ ಮಾಡಿದ್ಲು ಅಂತ ಒಬ್ಬ ಡ್ರೈವರ್ ಹುಡುಗಿಯೊಬ್ಬಳನ್ನ ಹಿಂಬಾಲಿಸ್ಕೊಂಡ್ ಹೋಗಿ, ಬಾಯಿಗೆ ಬಂದಂಗೆ ಬೈದು ಕೆನ್ನೆಗೆ ಹೊಡೆದ, ವಿಡಿಯೋ ದೇಶಕ್ಕೆಲ್ಲಾ ಹರಡ್ತು, ಮಾಗಡಿ ರೋಡ್ ಪೊಲೀಸರು ಅವನನ್ನ ಅರೆಸ್ಟ್ ಮಾಡಿದ್ರು. ಕೈ ಎತ್ತಿದ್ದಕ್ಕೆ ಯಾವ ಸಮರ್ಥನೆನೂ ಇಲ್ಲ, ಜೈಲಿಗೆ ಹೋಗೋ ಕೆಲಸನೇ ಅದು. ಹಂಗಂತ ಎರಡು ಮೂರು ಬುಕ್ ಮಾಡೋದು ಸರಿ ಅಂತ ಆಗಲ್ಲ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡ್ಬೇಕು. ಕ್ಯಾನ್ಸಲ್ ಮಾಡ್ಲೇಬೇಕು ಅಂದ್ರೆ ಮೊದಲ ಒಂದು ನಿಮಿಷದೊಳಗೆ ಮಾಡಿ, ಗಾಡಿ ಹತ್ತಿರ ಬಂದ್ಬಿಟ್ಟಿದ್ರೆ ಫೋನ್ ಮಾಡಿ ಹೇಳಿ, ಮುಂದೆನೇ ಬಂದು ನಿಂತಿದ್ರೆ ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟು ಕಳ್ಸಿ.

ಪಿಕಪ್ ಪಿನ್ ಸರಿಯಾಗಿ ಹಾಕೋದು ಕೂಡ ಮುಖ್ಯ. ಒನ್ ವೇ ರೋಡಿನ ಆ ಕಡೆ ಪಿನ್ ಬಿದ್ದಿರುತ್ತೆ, ನಾವು ಈ ಕಡೆ ನಿಂತು "ಲೊಕೇಶನಲ್ಲೇ ಇದೀನಿ ಬನ್ನಿ" ಅಂತ ಕೂಗ್ತಿರ್ತೀವಿ, ಅವರು ಸುತ್ತಾಕ್ಕೊಂಡ್ ಬರೋದು ಒಂದ್ ಕಿಲೋಮೀಟರ್. ಮ್ಯಾಪ್ ಮೇಲೆ ಬಿಡ್ಬೇಡಿ, ಹತ್ತಿರದ ಮೆಡಿಕಲ್ ಶಾಪ್, ದೇವಸ್ಥಾನ, ಬಸ್ ಸ್ಟಾಪ್ ಹೆಸರನ್ನ ಮೆಸೇಜಲ್ಲಿ ಹಾಕಿ.

ಹತ್ತುವಾಗ, ಒಳಗೆ ಕೂತಾಗ, ಇಳಿದ ಮೇಲೆ

ನಂಬರ್ ಪ್ಲೇಟ್ ನೋಡಿ, ಮುಖ ನೋಡಿ, ಆಮೇಲೆ ಓಟಿಪಿ. ಫೋನಲ್ಲೇ ಓಟಿಪಿ ಕೇಳಿದ್ರೆ ಕೊಡ್ಬೇಡಿ, ಟ್ರಿಪ್ ಶುರು ಮಾಡಿಸ್ಕೊಂಡು ಬರದೇ ಹೋದ್ರೆ ನಿಮ್ಮ ಕಡೆಯಿಂದ ದುಡ್ಡು ಕಟ್ಟಾಗುತ್ತೆ. ಫೋಟೋದಲ್ಲಿ ಒಬ್ಬರು ಬಂದಿರೋದು ಇನ್ನೊಬ್ಬರು ಆಗಿದ್ರೆ ಹತ್ಬೇಡಿ. ಐಡಿ, ಅಂದ್ರೆ ಆ್ಯಪಲ್ಲಿರೋ ಡ್ರೈವರ್ ಅಕೌಂಟ್, ಬ್ಲಾಕ್ ಆದವರು ಅಣ್ಣಂದೋ ಭಾವಂದೋ ಐಡಿಯಲ್ಲಿ ಓಡಿಸೋದು ಇದೆ, ಅದರಲ್ಲಿ ಬಹಳಷ್ಟು ಜನ ಹೊಟ್ಟೆಪಾಡಿಗೆ ಮಾಡ್ತಿರೋರೇ, ಆದ್ರೆ ಆ ಗಾಡೀಲಿ ಏನಾದ್ರೂ ಆದ್ರೆ ಪೊಲೀಸರ ಹತ್ರ ಯಾರ ಹೆಸರು ಹೇಳ್ತೀರ? 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಉಬರ್ ಕ್ಯಾಬಲ್ಲಿ ಒಬ್ಬ ಹುಡುಗಿ ಮೇಲೆ ಅತ್ಯಾಚಾರ ಆದಾಗ ಹೊರಗೆ ಬಂದಿದ್ದು ಇದೇ, ಆ ಡ್ರೈವರ್ ಮೇಲೆ ಮುಂಚೆನೇ ಕೇಸ್ ಇತ್ತು, ಯಾರೂ ಸರಿಯಾಗಿ ವಿಚಾರಿಸಿರ್ಲಿಲ್ಲ. 2015ರಲ್ಲಿ ಅವನಿಗೆ ಜೀವಾವಧಿ ಆಯ್ತು. ಇವತ್ತು ನಮ್ಮ ಆ್ಯಪಲ್ಲಿ ಕಾಣೋ, ಅಪಾಯ ಆದಾಗ ಒತ್ತೋ ಎಸ್‌ಒಎಸ್ ಬಟನ್, ಟ್ರಿಪ್ ಶೇರ್ ಇವೆಲ್ಲಾ ಭಾರತದಲ್ಲಿ ಗಟ್ಟಿಯಾಗಿ ಬಂದಿದ್ದು ಆ ಘಟನೆ ಆದ್ಮೇಲೆ. ಆ ಬಟನ್ ಎಲ್ಲಿದೆ ಅಂತ ಈಗ್ಲೇ ಒಂದ್ಸಲ ತೆಗೆದು ನೋಡಿ, ಭಯ ಆದಾಗ ಹುಡುಕೋಕ್ ಆಗಲ್ಲ. ಆ್ಯಪ್ ತೆಗೆಯೋಷ್ಟು ಹೊತ್ತಿಲ್ಲ ಅಂದ್ರೆ ಎಮರ್ಜೆನ್ಸಿ ನಂಬರ್ 112ಕ್ಕೆ ಫೋನ್ ಮಾಡಿ.

ಒಳಗೆ ಕೂತಿರುವಾಗ ದುಡ್ಡಿನ ಜಗಳ ಬೇಡ. ರೇಟ್ ಜಾಸ್ತಿ ಕೇಳಿದ್ರೆ "ಇಳಿಯುವಾಗ ಮಾತಾಡೋಣ ಅಣ್ಣಾ" ಅಂತ ಸುಮ್ನಿರಿ, ಜನ ಓಡಾಡೋ ಜಾಗದಲ್ಲಿ ಇಳೀರಿ, ಮನೆ ಗೇಟ್ ಮುಂದೆ ಅಲ್ಲ, ಒಂದು ಅಂಗಡಿ ಹತ್ರ.

ಈಗ ಹೇಳೋದು ವಿಶೇಷವಾಗಿ ಹೆಣ್ಮಕ್ಕಳಿಗೆ. ಆ್ಯಪಿಂದ ಕಾಲ್ ಮಾಡಿದಾಗ ಎಷ್ಟೋ ಕಂಪ್ನಿಗಳು ನಮ್ಮ ನಂಬರ್ ಮರೆಮಾಡ್ತವೆ, ಸರಿ, ಆದ್ರೆ ಕೊನೆಗೆ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಹಾಕಿದಾಗ ನಮ್ಮ ಹೆಸರೂ ಯುಪಿಐ ಐಡಿಯೂ ಅವರ ಫೋನಿಗೆ ಹೋಗುತ್ತೆ, ಬಹಳ ಜನದ ಯುಪಿಐ ಐಡಿ ಅಂದ್ರೆ ಮೊಬೈಲ್ ನಂಬರೇ. ನನ್ನ ಕಲೀಗ್ ಒಬ್ಬಳಿಗೆ ರಾತ್ರಿ ಹನ್ನೊಂದಕ್ಕೆ "ಹಾಯ್, ಸೇಫಾಗಿ ಹೋದ್ರಾ" ಅಂತ ಮೆಸೇಜ್ ಬಂದಿದ್ದು ಹೀಗೇ, ಮಾರನೇ ದಿನನೂ ಬಂತು. ಯುಪಿಐ ಆ್ಯಪಿನ ಪ್ರೊಫೈಲ್‌ಗೆ ಹೋಗಿ ನಂಬರ್ ಇಲ್ಲದ ಇನ್ನೊಂದು ಐಡಿ ಮಾಡ್ಕೊಂಡು ಅದನ್ನೇ ಮೊದಲನೇದಾಗಿ ಇಡಿ. ಮೆಸೇಜ್ ಬಂದೇಬಿಟ್ರೆ ಒಂದೇ ಒಂದು ಉತ್ತರ, "ಟ್ರಿಪ್ ಮುಗಿದಿದೆ, ಇನ್ನು ಮೆಸೇಜ್ ಮಾಡ್ಬೇಡಿ", ಸ್ಕ್ರೀನ್‌ಶಾಟ್, ಆಮೇಲೆ ಕಂಪ್ನಿಗೆ ದೂರು. ಬೇಡ ಅಂದ್ಮೇಲೂ ಹಿಂದೆ ಬೀಳೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಸ್ಟೇಷನ್‌ಗೆ ಹೋಗಿ ಆ ಸೆಕ್ಷನ್ ನಂಬರ್ ಹೇಳಿದ್ರೆ ಮಾತು ಬೇಗ ಮುಂದಕ್ಕೆ ಹೋಗುತ್ತೆ. ಅವಳು ಸುಮ್ನೆ ಬ್ಲಾಕ್ ಮಾಡಿ ಬಿಟ್ಳು. ಬ್ಲಾಕ್ ಮಾಡಿದ್ರೆ ನಮಗೆ ಬರೋದು ನಿಲ್ಲುತ್ತೆ, ನಾಳೆ ಅದೇ ಆಟೋ ಹತ್ತೋ ಇನ್ನೊಬ್ಬಳಿಗೆ ನಿಲ್ಲಲ್ಲ, ಅದಕ್ಕೇ ದೂರು ಕೊಡಿ ಅಂತ ಹೇಳ್ತಿರೋದು.

ಸ್ಟಾರ್ ಕೊಡೋ ಮುಂಚೆ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಇಲ್ಲಿ ನಮ್ಮ ಕೈಲಿರೋ ಅಧಿಕಾರ ಎಷ್ಟು ಅಂತ ನಮಗೇ ಗೊತ್ತಿಲ್ಲ.

ನಮ್ಮ ಹುಡುಗನ ಐಡಿ ಒಂದ್ಸಲ ಆರು ದಿನ ಆಫ್ ಆಗಿತ್ತು. ಯಾರೋ ಪ್ಯಾಸೆಂಜರ್ ಕುಡಿದು ಓಡಿಸ್ತಿದ್ದ ಅಂತ ಹಾಕಿದ್ರು. ಅವನು ಬೀಡಿನೂ ಸೇದಲ್ಲ, ಶನಿವಾರ ಉಪವಾಸ ಇರೋ ಹುಡುಗ. ಆವತ್ತು ಏನಾಗಿತ್ತು ಅಂದ್ರೆ ರೋಡ್ ಅಗೆದಿದ್ದಕ್ಕೆ ಸುತ್ತಿ ಹೋಗಿದ್ದ, ರೇಟ್ 30 ರೂಪಾಯಿ ಜಾಸ್ತಿ ಆಗಿತ್ತು, ಆ ಮೂವತ್ತು ವಾಪಸ್ ಪಡೆಯೋಕೆ ಅಂತ ಅವರು ದೂರಿನ ಪಟ್ಟಿಯಲ್ಲಿ ಯಾವುದು ಜೋರಾಗಿದೆ ಅಂತ ನೋಡಿ ಅದನ್ನ ಒತ್ತಿರ್ಬೇಕು. ಕಂಪ್ನಿಯವರು ಒಂದು ಫೋನೂ ಮಾಡ್ಲಿಲ್ಲ, ಹೆಲ್ಪ್‌ಲೈನಲ್ಲಿ ಮಷೀನು ಮಾತಾಡುತ್ತೆ, ಆಫೀಸ್ ಹತ್ರ ಹೋದ್ರೆ ಸೆಕ್ಯುರಿಟಿ ಗೇಟಲ್ಲೇ ನಿಲ್ಸಿ ಆ್ಯಪಲ್ಲೇ ಹಾಕಿ ಅಂದ್ರು. ಆ ವಾರ ಫೈನಾನ್ಸ್ ಕಂತು ಕಟ್ಟೋಕೆ ಚಿಕ್ಕಮ್ಮ ಚೀಟಿ ದುಡ್ಡು ತೆಗೆದುಕೊಟ್ರು. ಏಳನೇ ದಿನ ಬೆಳಗ್ಗೆ ತಾನಾಗೇ ಆನ್ ಆಯ್ತು, ಯಾಕೆ ಆಫ್ ಆಯ್ತು ಯಾಕೆ ಆನ್ ಆಯ್ತು ಅಂತ ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಅದಕ್ಕೇ ಒಂದು ಸ್ಟಾರ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳ್ಕೊತೀನಿ ಈಗ. ಲೇಟ್ ಆಗಿದ್ದು ಟ್ರಾಫಿಕ್ಕಿಂದನಾ? ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕ್ಕೊಂಡಿದ್ದು ಅವರ ತಪ್ಪಲ್ಲ. ರೇಟ್ ಏರಿಸಿದ್ದು ಅವರಾ ಕಂಪ್ನಿನಾ? ಕಂಪ್ನಿ ಆದ್ರೆ ಸ್ಟಾರ್ ಕಮ್ಮಿ ಮಾಡೋದ್ರಿಂದ ಕಂಪ್ನಿಗೆ ಕೂದಲೂ ಅಲ್ಲಾಡಲ್ಲ. ಮೂರನೇದು, ಅವರು ನಿಜವಾಗ್ಲೂ ಕೆಟ್ಟದಾಗಿ ನಡ್ಕೊಂಡ್ರಾ? ಹೌದು ಅಂದ್ರೆ ಸ್ಟಾರ್ ಕಮ್ಮಿ ಮಾಡಿ ಸುಮ್ನಿರ್ಬೇಡಿ, ಏನಾಯ್ತು ಅಂತ ಬರೀರಿ. ರಾಂಗ್ ಸೈಡಲ್ಲಿ ಬಂದ್ರು, ಫೋನಲ್ಲಿ ವಿಡಿಯೋ ನೋಡ್ತಾ ಓಡಿಸಿದ್ರು, ಕನ್ನಡಿಯಲ್ಲಿ ಹಿಂದೆನೇ ನೋಡ್ತಿದ್ರು, ಏನಿದೆಯೋ ಅದನ್ನ ಅದೇ ಮಾತಲ್ಲಿ. ಆಗದೇ ಇರೋದನ್ನ ಒತ್ತೋದು ಸುಳ್ಳು ಸಾಕ್ಷಿ ಹೇಳಿದ ಹಾಗೇನೇ. ರೀಫಂಡ್ ಬೇಕಾದ್ರೆ ರೇಟ್ ಬಗ್ಗೆನೇ ದೂರು ಕೊಡೋ ಆಪ್ಷನ್ ಇರುತ್ತೆ, ಅದನ್ನ ಒತ್ತಿ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದ್ರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡೋರ, ಕಾಯ್ದೆ ಬಂದಿದೆ, ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ವಿಧಾನಮಂಡಲದಲ್ಲಿ ಪಾಸಾಗಿ ಕಾಯ್ದೆ. ಅದರ ಪ್ರಕಾರ ಒಬ್ಬರನ್ನ ಕೆಲಸದಿಂದ ತೆಗೆಯೋ ಮುಂಚೆ 14 ದಿನದ ನೋಟಿಸ್ ಕೊಟ್ಟು ಕಾರಣವನ್ನ ಬರವಣಿಗೆಯಲ್ಲಿ ಹೇಳ್ಬೇಕು. ಪ್ರತಿ ವಹಿವಾಟಲ್ಲಿ ಕಾರ್ಮಿಕರಿಗೆ ಕೊಡೋ ದುಡ್ಡಿನ 1ರಿಂದ 5 ಪರ್ಸೆಂಟ್ ವರೆಗೆ ಕಂಪ್ನಿ ಕಲ್ಯಾಣ ನಿಧಿಗೆ ಕಟ್ಬೇಕು. ನಿಮಗೆ ಪರಿಚಯದ ಡ್ರೈವರ್, ಡೆಲಿವರಿ ಹುಡುಗರು ಯಾರಾದ್ರೂ ಇದ್ರೆ ಈ 14 ದಿನದ ವಿಷ್ಯ ಹೇಳಿ, ನಾನು ಕೇಳಿದ ಆರೇಳು ಜನದಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ.

ಇನ್ನೊಂದು ಮಾತಾಡ್ಲೇಬೇಕು. ಡ್ರೈವರ್ ಹೆಸರು ನೋಡಿ ಕ್ಯಾನ್ಸಲ್ ಮಾಡೋರಿದಾರೆ. ಅವರ ಧರ್ಮ ಗೊತ್ತಾಗೋ ಹೆಸರಾಗಿದ್ರೆ ಬೇಡ ಬಿಡು ಅಂತ. ಹಾಗೇ ಪ್ಯಾಸೆಂಜರ್ ಹೆಸರು, ಭಾಷೆ ನೋಡಿ ಬಾಡಿಗೆ ಬೇಡ ಅನ್ನೋ ಡ್ರೈವರ್‌ಗಳೂ ಇದಾರೆ. ಅಮೆರಿಕದಲ್ಲಿ, ಉಳ್ಕೊಳೋಕೆ ಮನೆ ಬಾಡಿಗೆಗೆ ಕೊಡಿಸೋ ಏರ್‌ಬಿಎನ್‌ಬಿ ಆ್ಯಪ್ ಮೇಲೆ ಹಾರ್ವರ್ಡಿನ ಸಂಶೋಧಕರು 2015ರಲ್ಲಿ ಒಂದು ಪರೀಕ್ಷೆ ಮಾಡಿದ್ರು, ಐದು ನಗರದಲ್ಲಿ ಸುಮಾರು 6,400 ಮನೆಗಳಿಗೆ ಒಂದೇ ಥರದ ವಿನಂತಿ ಕಳ್ಸಿ ಹೆಸರು ಮಾತ್ರ ಬದಲಿಸಿದ್ರು, ಕಪ್ಪು ಜನರ ಹೆಸರು ಅಂತ ಅನ್ಸೋ ಹೆಸರಿಗೆ ಹ್ಞೂಂ ಅನ್ನೋ ಸಾಧ್ಯತೆ 16 ಪರ್ಸೆಂಟ್ ಕಮ್ಮಿ ಇತ್ತು. ಆ ಮನೆಯವರು ಯಾರೂ ಬಾಯಿಬಿಟ್ಟು ಏನೂ ಹೇಳ್ಬೇಕಾಗಿರ್ಲಿಲ್ಲ, ಇಲ್ಲ ಅಂತ ಒತ್ತಿದ್ರೆ ಮುಗೀತು. ಇಲ್ಲೂ ಅಷ್ಟೇ. ಹೆಸರು ಮರೆಮಾಡಿ ಅಂತ ನಾನು ಹೇಳಲ್ಲ, ಸುರಕ್ಷತೆಗೆ ಹೆಸರು ಬೇಕು. ಕ್ಯಾನ್ಸಲ್ ಬಟನ್ ಮೇಲೆ ಬೆರಳು ಹೋದಾಗ ಕಾರಣ ಏನು ಅಂತ ನಿಮಗೆ ನೀವೇ ಪ್ರಾಮಾಣಿಕವಾಗಿ ಹೇಳ್ಕೊಳಿ. ಬೇರೆಯವರು ಹಾಗ್ ಮಾಡಿದ್ದು ಕಣ್ಣಿಗೆ ಬಿದ್ರೆ ಫ್ರೆಂಡ್ಸೇ ಆದ್ರೂ ತಪ್ಪು ಅಂತ ಹೇಳಿ, ನಾನು ಒಂದು ಸಲ ಹೇಳಿ ಮಾತು ಬಿಟ್ಟಿದೀನಿ, ಪಶ್ಚಾತ್ತಾಪ ಇಲ್ಲ.

ದೂರು ಬರೆಯೋದು

ಬಹಳ ಜನ ದೂರನ್ನ ಕಥೆ ಥರ ಬರೀತಾರೆ, ನೊಂದಿದ್ದನ್ನೆಲ್ಲಾ ಹೇಳ್ತಾರೆ, ಆ ಕಡೆ ಕೂತಿರೋರು ಮೊದಲ ಎರಡು ಸಾಲು ಓದಿ ರೆಡಿಮೇಡ್ ಉತ್ತರ ಕಳಿಸ್ತಾರೆ. ದಿನ, ಸಮಯ, ಗಾಡಿ ನಂಬರ್, ತೋರಿಸಿದ್ದು ಎಷ್ಟು ಕಟ್ಟಾಗಿದ್ದು ಎಷ್ಟು, ನಿಮಗೆ ಏನ್ ಬೇಕು, ಇಷ್ಟೇ ಸಾಕು. ನಾನು ಬರೆದಿದ್ದ ಒಂದು ದೂರು ಹೀಗಿತ್ತು:

"ನಿನ್ನೆ ಸಂಜೆ 7.10ರ ಟ್ರಿಪ್. ಜಯನಗರ 4ನೇ ಬ್ಲಾಕ್‌ನಿಂದ ವಿಜಯನಗರ. ಬುಕ್ ಮಾಡಿದಾಗ ತೋರಿಸಿದ್ದು 174, ಕಟ್ಟಾಗಿದ್ದು 221. ದಾರಿ ಬದಲಾಗಿಲ್ಲ, ನಾನು ಎಲ್ಲೂ ನಿಲ್ಲಿಸಿಲ್ಲ, ಸ್ಕ್ರೀನ್‌ಶಾಟ್ ಎರಡೂ ಇವೆ. ಡ್ರೈವರ್ ಮೇಲೆ ನನ್ನ ದೂರಿಲ್ಲ. 47 ರೂಪಾಯಿ ನನ್ನ ಬ್ಯಾಂಕ್ ಅಕೌಂಟಿಗೇ ವಾಪಸ್ ಹಾಕಿ, ಕೂಪನ್ ಬೇಡ."

"ಡ್ರೈವರ್ ಮೇಲೆ ದೂರಿಲ್ಲ" ಅನ್ನೋ ಸಾಲು ಹಾಕೋದು ಮರೀಬೇಡಿ, ಇಲ್ಲಾಂದ್ರೆ ಆ 47ನ್ನ ಅವರ ಲೆಕ್ಕದಿಂದ್ಲೇ ಕಿತ್ಕೊಂಡ್ರೆ ನಮಗೆ ಗೊತ್ತಾಗೋದೂ ಇಲ್ಲ. ಕೂಪನ್ ಬೇಡ ಅನ್ನೋದಕ್ಕೂ ಆಧಾರ ಇದೆ, 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾಗೆ, ರೀಫಂಡ್ ಬ್ಯಾಂಕಿಗೆ ಬೇಕಾ ಕೂಪನ್ ಬೇಕಾ ಅಂತ ಗ್ರಾಹಕರೇ ಆರಿಸ್ಕೊಳೋ ಹಾಗೆ ಮಾಡಿ ಅಂತ ಆದೇಶ ಕೊಟ್ಟಿತ್ತು.

ಆ್ಯಪಲ್ಲಿ ಕೆಲಸ ಆಗ್ಲಿಲ್ಲ ಅಂದ್ರೆ ಕಂಪ್ನಿಯ ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿ, ವೆಬ್‌ಸೈಟಿನ ತಳದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಬಂತು ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಅದೂ ಆಗ್ಲಿಲ್ಲ ಅಂದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬಹುದು. 47 ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅಂತ ನಮ್ಮ ಮನೇಲೂ ಕೇಳಿದ್ರು. ದಿನಕ್ಕೆ ಎಷ್ಟು ಸಾವಿರ ಜನರ ಹತ್ರ 47 ಹೋಗ್ತಿರ್ಬಹುದು ಯೋಚ್ನೆ ಮಾಡಿ, ಯಾರೂ ಕೇಳಲ್ಲ ಅನ್ನೋ ಧೈರ್ಯದಲ್ಲೇ ತಾನೆ ಅದು ನಡೀತಿರೋದು. ದೊಡ್ಡ ಮೊತ್ತ ಆಗಿದ್ರೆ ಗ್ರಾಹಕರ ಆಯೋಗಕ್ಕೆ ಆನ್‌ಲೈನಲ್ಲೇ ಕೇಸ್ ಹಾಕ್ಬಹುದು, 5 ಲಕ್ಷದೊಳಗಿನ ವಿಷ್ಯಕ್ಕೆ ಫೀಸಿಲ್ಲ. ಹೊಡೆದ್ರು, ಮುಟ್ಟಿದ್ರು, ಹೆದರಿಸಿದ್ರು ಅಂದ್ರೆ ಇದ್ಯಾವ್ದೂ ಬೇಡ, ನೇರ ಪೊಲೀಸು.

ಡ್ರೈವರ್ ಅಣ್ಣಂದಿರು ಓದ್ತಿದ್ರೆ ನಿಮಗೂ ಒಂದೆರಡು ಮಾತು. ಬರೋಕ್ ಆಗಲ್ಲ ಅಂದ್ರೆ ನೀವೇ ಕ್ಯಾನ್ಸಲ್ ಮಾಡಿ, ಮಳೇಲಿ ನಿಂತಿರೋರನ್ನ ಕಾಯಿಸ್ಬೇಡಿ. ಜಾಸ್ತಿ ಬೇಕಿದ್ರೆ ಹತ್ತೋ ಮುಂಚೆನೇ ಕೇಳಿ, ಅರ್ಧ ದಾರೀಲಿ ಅಲ್ಲ. ಜಗಳ ಆದ ಟ್ರಿಪ್ಪಿನ ಸ್ಕ್ರೀನ್‌ಶಾಟ್ ನೀವೂ ಇಟ್ಕೊಳಿ, ಸುತ್ತಿ ಹೋಗ್ಬೇಕಾದ್ರೆ "ರೋಡ್ ಕ್ಲೋಸ್ ಇದೆ, ಹೀಗೆ ಹೋಗ್ಲಾ" ಅಂತ ಕೇಳಿ ಹೋಗಿ, ನಮ್ಮ ಹುಡುಗ ಆವತ್ತು ಕೇಳಿದ್ದಿದ್ರೆ ಆ ಆರು ದಿನ ಉಳೀತಿತ್ತೇನೋ.

ಕೊನೇದಾಗಿ, ತಪ್ಪು ದೂರು ಕೊಟ್ಟಿದ್ರೆ ವಾಪಸ್ ತಗೊಳೋದು. ಇದು ಆಗುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ. ಅವನ ಐಡಿ ಆಫ್ ಆಗಿದ್ದ ವಾರ ನನಗೆ ಒಂದು ನೆನಪು ಕಾಡೋಕ್ ಶುರುವಾಯ್ತು, ಅದಕ್ಕೆ ಎರಡು ವಾರ ಮುಂಚೆ ನಾನೊಬ್ರಿಗೆ ಒಂದು ಸ್ಟಾರ್ ಕೊಟ್ಟು "ರೂಡ್" ಅಂತ ಒತ್ತಿದ್ದೆ, ಅವರು ಮಾಡಿದ್ದು ಚಿಲ್ಲರೆ ಇಲ್ಲ ಅಂದಿದ್ದು ಅಷ್ಟೇ, ನನಗೆ ಆವತ್ತು ಆಫೀಸಲ್ಲಿ ಬೈಸ್ಕೊಂಡ ಸಿಟ್ಟಿತ್ತು. ಹಳೇ ಟ್ರಿಪ್ಪಿಗೆ ಹೋದೆ, ಕೆಲವು ಆ್ಯಪಲ್ಲಿ ಅಲ್ಲೇ ರೇಟಿಂಗ್ ಬದಲಾಯಿಸ್ಬಹುದು, ಈ ಆ್ಯಪಲ್ಲಿ ಆಗ್ಲಿಲ್ಲ, ಹೆಲ್ಪ್‌ನಲ್ಲಿ ಬರೆದೆ: "ಈ ಟ್ರಿಪ್ಪಿಗೆ ನಾನು ಕೊಟ್ಟ ರೇಟಿಂಗ್ ತಪ್ಪು. ಡ್ರೈವರ್ ಸರಿಯಾಗೇ ನಡ್ಕೊಂಡಿದ್ರು. ದಯವಿಟ್ಟು ತೆಗೆದುಹಾಕಿ." ಮೂರು ದಿನ ಬಿಟ್ಟು ಸರಿಪಡಿಸಿದೀವಿ ಅಂತ ಎರಡು ಸಾಲಿನ ಉತ್ತರ ಬಂತು. ನಿಮ್ಮ ಹಳೇ ಟ್ರಿಪ್‌ಗಳ ಪಟ್ಟಿನೂ ಅಲ್ಲೇ ಇರುತ್ತೆ, ಮೇಲ್ಗಡೆ ಎಡಗಡೆ ಅಥವಾ ಅಕೌಂಟ್ ಅಂತ ಇರೋ ಕಡೆ ಒತ್ತಿದ್ರೆ ತೆಗೆಯುತ್ತೆ.